ಬಿಸಿ ಮೂಲೆ, ತಂಪು ಮೂಲೆ

ನವೆಂಬರ್ 3, 2025. ಸೋಮವಾರ

ಇವತ್ತೂ ಗುಂಡಯ್ಯ ಬೀರುವಿನ ಕೆಳಗೇ ಸಿಕ್ಕ. ಕಸ ಗುಡಿಸುವಾಗ ಪೊರಕೆಗೆ ಟಕ್ ಅಂತ ತಗುಲಿದ. ಮೈಯೆಲ್ಲ ಧೂಳು, ಮೂಗಿನ ಮೇಲೆ ಜೇಡರ ಬಲೆ. ಹೊಂಬಾಳಮ್ಮ ಅಡುಗೆಮನೆಯಲ್ಲಿ, ಸಿಲಿಂಡರ್ ಹಿಂದೆ. ಇಬ್ಬರನ್ನೂ ಎತ್ತಿ ಬಾಲ್ಕನಿಗೆ ಬಿಟ್ಟೆ. ಬಿಸಿಲು ಇನ್ನೂ ಬಂದಿರಲಿಲ್ಲ. ಟೈಲ್ಸ್ ಮೇಲೆ ನಡೆಯುವಾಗ ಗುಂಡಯ್ಯನ ನಾಲ್ಕು ಕಾಲೂ ನಾಲ್ಕು ಕಡೆ ಜಾರುತ್ತವೆ. ಮೊದಲು ನಗು ಬರುತ್ತದೆ. ಆಮೇಲೆ ಪಾಪ ಅನ್ನಿಸುತ್ತದೆ.

ಈ ಹೆಸರು ನಾನಿಟ್ಟಿದ್ದು. ಯಾರಿಗೂ ಹೇಳಿಲ್ಲ. ಆಮೆಗಳು ನಾದಿನಿ ಮಾಲಿನಿಯವು. ಅವಳಿಟ್ಟ ಹೆಸರು ರಾಕಿ, ಪೆಬಲ್. ಬ್ಯಾಂಕ್ ಕೆಲಸ ಸಿಕ್ಕಿ, ದೀಪಾವಳಿ ಮುಗಿಸಿಕೊಂಡು ಕಲಬುರಗಿಗೆ ಹೋದಳು. ಅಲ್ಲಿ ಪಿಜಿಯಲ್ಲಿ ಪ್ರಾಣಿ ಬಿಡುವುದಿಲ್ಲವಂತೆ. ದಕ್ಷಿಣ ಅಮೆರಿಕದ ಜಾತಿ, ಕಾಲಿನ ಮೇಲೆಲ್ಲ ಕೆಂಪು ಚುಕ್ಕಿ. ನಮ್ಮ ಕಾಡಿನ ನಕ್ಷತ್ರದ ಆಮೆಯಾದರೆ ಮನೆಯಲ್ಲಿಡುವ ಹಾಗಿಲ್ಲ. ಇವಕ್ಕೆ ರಿಜಿಸ್ಟರ್ ಮಾಡಿಸಿದ್ದಾಳೆ.

ಬಟವಾಡಿ ಬಡಾವಣೆಯ ಈ ಬಾಡಿಗೆ ಮನೆಯಲ್ಲಿ ಈಗ ನಾವು ಮೂರೇ ಜನ — ಅತ್ತೆ, ಇವರು, ನಾನು. ನಾನು ಬಂದು ಆರು ತಿಂಗಳು.

ಬೆಳಗ್ಗೆ ಅತ್ತೆ ಕಾರ್ತಿಕ ಸೋಮವಾರದ ಪೂಜೆ ಮುಗಿಸಿ ವಿಭೂತಿ ಗಟ್ಟಿ ಹಿಡಿದುಕೊಂಡೇ ಬಾಲ್ಕನಿಗೆ ಬಂದರು. ಗುಂಡಯ್ಯನ ಚಿಪ್ಪಿನ ಮೇಲೆ ಮೂರು ಬೆರಳು ಎಳೆದರು.

“ಅಮ್ಮ, ಆಮೆ ಅಂದ್ರೆ ಕೂರ್ಮಾವತಾರ. ಅದಕ್ಕೆ ನಾಮ ಹಾಕ್ಬೇಕು,” ಅಂದರು ಇವರು, ಅಂಗಡಿಗೆ ಹೊರಡುತ್ತಾ.

“ನಮ್ಮನೇಗ್ ಬಂದ್ಮೇಲೆ ನಮ್ಮೋನೇ ಕಣೋ. ಸುಮ್ನೆ ಹೋಗು.”

ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅತ್ತೆ ನೋಡದ ಹಾಗೆ.

ನವೆಂಬರ್ 5. ಬುಧವಾರ

ಮಾಲಿನಿ ಫೋನ್ ಮಾಡಿದ್ದಳು. ಯಾವಾಗಲೂ ಇವರ ಮೊಬೈಲಿಗೇ. ಸ್ಪೀಕರಿಗೆ ಹಾಕಿದರು.

“ಅಣ್ಣ, ರಾಕಿ ಪೆಬಲ್ ಹೆಂಗಿದಾವೆ?”

“ಆರಾಮಾಗವೆ. ಒಬ್ನು ಬೀರು ಕೆಳಗೆ, ಒಬ್ಳು ಸಿಲಿಂಡರ್ ಹಿಂದೆ.”

“ಇನ್ನೂ ನೆಲದ ಮೇಲೇ ಬಿಟ್ಟಿದೀರಾ? ಚಳಿ ಶುರುವಾಯ್ತು ಕಣೋ. ಆ ಟೈಲ್ಸು ಐಸ್ ಥರ ಇರುತ್ತೆ. ಶೀತ ಆಗಿ ನಿಮೋನಿಯಾಗೆ ತಿರುಗಿದ್ರೆ ಉಳಿಯಲ್ಲ. ಒಳಗೆ ಒಂದು ಸರಿಯಾದ ಜಾಗ ಮಾಡಿ ಅಂತ ಎಷ್ಟ್ ಸಲ ಹೇಳ್ಲಿ? ಲೈಟು, ಮಣ್ಣು, ಬಚ್ಚಿಟ್ಕೊಳಕ್ಕೆ ಒಂದು ಗೂಡು... ಅಷ್ಟೇ ತಾನೆ.”

ಇವರು ಕಿವಿ ಕೆರೆದುಕೊಂಡರು.

“ಆಗಲ್ಲ ಅಂದ್ರೆ ಹೇಳ್ಬಿಡು. ನನ್ ಕ್ಲಾಸ್‌ಮೇಟ್ ಗುರುಪ್ರಸಾದ್ ಇಲ್ವಾ, ಗುಬ್ಬಿಯೋನು? ತಗೋತೀನಿ ಅಂತವ್ನೆ. ಅವರ ಮನೆ ಹಿಂದೆ ದೊಡ್ಡ ಹಿತ್ತಲಿದೆ. ಸಂಕ್ರಾಂತಿಗೆ ಬರ್ತೀನಿ. ಅಷ್ಟ್ರಲ್ಲಿ ಸರಿಹೋಗಿಲ್ಲ ಅಂದ್ರೆ ಕೊಟ್ಬಿಡ್ತೀನಿ.”

“ನಿಮ್ಮತ್ತಿಗೆ ನೋಡ್ಕೋತಾವ್ಳೆ ಬಿಡೇ. ಕೊಡ್ಲಾ ಫೋನು?” ಅಂತ ನನ್ನ ಕಡೆ ಚಾಚಿದರು.

ಕೈ ಆಡಿಸಿದೆ. ಅಡುಗೆಮನೆಗೆ ಹೋದೆ. ಅಲ್ಲಿಗೂ ಕೇಳಿಸಿತು — “ಅವರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ ಅಣ್ಣ.”

ಕೊಂಕಾಗಿ ಅಂದದ್ದಲ್ಲ. ಏಳನೇ ಕ್ಲಾಸಿಗೆ ಬಿಟ್ಟವಳು ನಾನು. ಅವಳು ಎಂ.ಕಾಂ. ಆದರೆ ಕೊಟ್ಟುಬಿಡ್ತೀನಿ ಅಂದಳಲ್ಲ... ಅನ್ನ ಬಸಿಯುವಾಗ ಗಂಜಿ ಕೈಮೇಲೆ ಬಿತ್ತು. ಇವರು ಅಂಗಡಿಗೆ ಹೋದ ಮೇಲೆ, ಅತ್ತೆ ಮಲಗಿದ ಮೇಲೆ, ನಾನು ಬಾಯಿಬಿಟ್ಟು ಮಾತಾಡುವುದು ಆ ಇಬ್ಬರ ಹತ್ತಿರವೇ. ಅವರನ್ನು ಕಳಿಸಿದರೆ ಈ ಮನೆಯಲ್ಲಿ ನನ್ನ ದನಿ ನನಗೇ ಮರೆತುಹೋಗುತ್ತದೆ.

ನವೆಂಬರ್ 6

ಮಧ್ಯಾಹ್ನ ಮೊಬೈಲಿನಲ್ಲಿ ಆಮೆ ಮನೆಯ ವಿಡಿಯೋ ನೋಡಿದೆ. ಎಲ್ಲ ಇಂಗ್ಲಿಷು. ಶಬ್ದ ತೆಗೆದು ಚಿತ್ರ ಮಾತ್ರ ನೋಡಿದೆ. ಗೋಡೆ ಇರುವ ಅಗಲವಾದ ಮರದ ತಟ್ಟೆ. ಒದ್ದೆ ಹಾಸಿಗೆ. ಮೇಲೆ ಬಲ್ಬು. ಥರ್ಮಾಮೀಟರು. ಸೊಪ್ಪು.

ಇದು ನಮ್ಮ ಹುಳದ ಮನೆಯೇ ಅಲ್ಲವಾ?

ಕುಣಿಗಲ್ ಕಡೆ ನಮ್ಮಂಥ ರೇಷ್ಮೆ ಸಾಕುವವರ ಮನೆಯಲ್ಲಿ ಹುಟ್ಟಿದ ಯಾವ ಹುಡುಗಿಗಾದರೂ ಇದು ಗೊತ್ತು. ಬಿಸಿ ಎಷ್ಟು, ತೇವ ಎಷ್ಟು, ಗಾಳಿ ಯಾವ ಕಿಟಕಿಯಿಂದ. ಸ್ಕೂಲು ಬಿಟ್ಟ ಮೇಲೆ ನಾನು ಕಲಿತದ್ದೆಲ್ಲ ರೇಷ್ಮೆ ಹುಳದ ಹತ್ತಿರವೇ.

ಇವರಿಗೆ ಹೇಳಬೇಕು. ಊಟಕ್ಕೆ ಬಡಿಸುವಾಗ ಹೇಳುತ್ತೇನೆ.

ಹೇಳಲಿಲ್ಲ. ನಾಳೆ.

ನವೆಂಬರ್ 9. ಭಾನುವಾರ

ಹೇಳಿದೆ. ಇವರು ತಟ್ಟೆಯಿಂದ ತಲೆ ಎತ್ತಿ, “ಇಷ್ಟ್ ಉದ್ದ ಮಾತಾಡಿದ್ದು ಇದೇ ಫಸ್ಟು ಕಣೇ ನೀನು,” ಅಂದರು. ಇವತ್ತು ಇಬ್ಬರೂ ಊರಿಗೆ ಹೋಗಿದ್ದೆವು.

ಅಪ್ಪ ಈಗ ಹುಳವನ್ನು ಕಬ್ಬಿಣದ ಸ್ಟ್ಯಾಂಡಿಗೆ ಹಾಕಿದ್ದಾನೆ. ಮರಿಹುಳ ಸಾಕುತ್ತಿದ್ದ ಹಳೆಯ ಮರದ ತಟ್ಟೆಗಳು ಅಟ್ಟದ ಮೇಲಿದ್ದವು. ನಾಲ್ಕು ಇಳಿಸಿಕೊಟ್ಟ. ಥರ್ಮಾಮೀಟರೂ ಕೊಟ್ಟ. ಒಂದೇ ಹಲಗೆಗೆ ಎರಡು ಗಾಜು. ಒಂದಕ್ಕೆ ಒದ್ದೆ ಬತ್ತಿ ಸುತ್ತಿರುತ್ತದೆ. ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಿದರೆ ಗಾಳಿಯಲ್ಲಿ ತೇವ ಎಷ್ಟಿದೆ ತಿಳಿಯುತ್ತದೆ.

“ಆಮೆಗೆ ಥರ್ಮಾಮೀಟ್ರಾ?” ಅಂತ ಅಪ್ಪ ಅಳಿಯನ ಮುಖ ನೋಡಿದ.

“ನನ್ ಕೇಳ್ಬೇಡಿ ಮಾವ. ನಾನು ಕೂಲಿ.”

ಒಂದು ಕಂತೆ ಹಿಪ್ಪುನೇರಳೆ ಸೊಪ್ಪನ್ನೂ ಕಟ್ಟಿಸಿಕೊಂಡೆ. ಬಸ್ಸಿನಲ್ಲಿ ಕಂಡಕ್ಟರು ತಟ್ಟೆಗಳನ್ನು ನೋಡಿ, “ಏನಮ್ಮ, ತವರಿಂದ ಮನೇನೇ ಕಿತ್ಕೊಂಡ್ ಹೊಂಟಿದೀಯಾ?” ಅಂದ. ಎಲ್ಲರೂ ನಕ್ಕರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕೆ.

ರಾತ್ರಿ ಹೊಂಬಾಳಮ್ಮ ಒಂದು ಎಲೆಯನ್ನು ಅಂಚಿನಿಂದ ಶುರು ಮಾಡಿ ತೊಟ್ಟಿನವರೆಗೂ ತಿಂದಳು. ಹುಳ ತಿಂದ ಹಾಗೇ.

ನವೆಂಬರ್ 12

ಎಲ್ಲಿ ಇಡುವುದು ಅಂತ ಎರಡು ದಿನ ಮಾತು. ಹಾಲ್‌ನಲ್ಲಿ ಟಿವಿ. ಬಾಲ್ಕನಿಯಲ್ಲಿ ಹೆಗ್ಗಣ. ಉಳಿದದ್ದು ನಮ್ಮ ರೂಮು. ಅದರ ತುಂಬ ಅಪ್ಪ ಮದುವೆಗೆ ಕೊಟ್ಟ ಮಂಚ.

“ಮಂಚ ಅತ್ತೆಗೆ ಕೊಡಾಣ. ಹಾಲ್‌ನಲ್ಲಿ ಹಾಕಿ,” ಅಂದೆ.

ಅತ್ತೆ ಬಾಗಿಲ ಹೊರಗಿದ್ದದ್ದು ನೋಡಿರಲಿಲ್ಲ. “ನಂಗ್ಯಾಕೆ ಮಂಚ ಗಿಂಚ. ನೆಲವೇ ಚೆಂದ,” ಅಂದರು. ಸಂಜೆ ಮಂಚ ಹಾಲಿಗೆ ಬಂದ ಮೇಲೆ ಒಂದು ಸಲ ಕೂತರು. ಒಂದು ಸಲ ಒರಗಿದರು. ಮಂಡಿನೋವಿನವರು ಈಗ ಕೈ ಊರದೇ ಏಳುತ್ತಾರೆ. ನಾವು ನೆಲದ ಮೇಲೆ ಹಾಸಿಗೆ ಹಾಕಿದ್ದೇವೆ.

“ಕಾವ್ಯ, ನಿನ್ ಆಮೆಗಳಿಗೆ ಏನಾದ್ರೂ ಬೇಕಾದ್ರೆ ಹೇಳು,” ಅಂದರು ಅತ್ತೆ, ಮಂಚದ ಮೇಲಿನಿಂದ.

ನವೆಂಬರ್ 16. ಭಾನುವಾರ

ಆಯಿತು.

ಇವರು ನಾಲ್ಕು ತಟ್ಟೆ ಸೇರಿಸಿ ನಡುವಿನ ಅಂಚು ಕಿತ್ತರು. ಸುತ್ತ ಪ್ಲೈವುಡ್ ಗೋಡೆ, ಇವರ ಮಂಡಿಯಷ್ಟು ಎತ್ತರ. ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ. ಬೆಳಗ್ಗೆ ಬೈಕಿನಲ್ಲಿ ನಿಟ್ಟೂರಿಗೆ ಹೋಗಿ ನಾರಿನ ಮಿಲ್ಲಿನಿಂದ ತೆಂಗಿನ ನಾರಿನ ಪುಡಿ ಒಂದು ಮೂಟೆ ತಂದರು. ಬರುವಾಗ ಮೂಟೆ ಬಿಚ್ಚಿಕೊಂಡು, ಹುಬ್ಬಿನಿಂದ ಬೂಟಿನವರೆಗೆ ಕಂದುಬಣ್ಣ. ಅತ್ತೆ ಬಾಗಿಲಲ್ಲೇ ನಿಲ್ಲಿಸಿ ತಲೆಗೆ ನೀರು ಸುರಿದರು.

ಪುಡಿಯನ್ನು ತೊಳೆದು ಹಿಂಡಿ ಅಂಗೈ ಮುಳುಗುವಷ್ಟು ಹಾಸಿದೆ. ಒಡೆದ ಮಡಕೆಯ ಅರ್ಧ ಬೋರಲು ಹಾಕಿದೆ, ಅದು ಗೂಡು. ಮಣ್ಣಿನ ತಟ್ಟೆಯಲ್ಲಿ ನೀರು. ಇವರು ಬಲ್ಬಿಗೆ ಫ್ಯಾನಿನ ರೆಗ್ಯುಲೇಟರ್ ಜೋಡಿಸಿದರು. ಮೋಟಾರ್ ವೈಂಡಿಂಗ್ ಮಾಡುವವರ ಕೈ, ವೈರು ಒಂದೂ ಹೊರಗೆ ಕಾಣದು.

ಒಂದು ಹೊಸದು ಕಲಿತೆ. ಹುಳಕ್ಕೆ ಎಲ್ಲ ಕಡೆ ಒಂದೇ ಬಿಸಿ ಇರಬೇಕು. ಆಮೆಗೆ ಹಾಗಲ್ಲ. ಬಲ್ಬಿನ ಕೆಳಗೆ ಒಂದು ಮೂಲೆ ಬಿಸಿ, ಆಚೆಯದು ತಂಪು. ತನಗೆ ಯಾವಾಗ ಎಲ್ಲಿ ಬೇಕೋ ತಾನೇ ಹೋಗುತ್ತದೆ.

ಬಿಟ್ಟೆ. ಗುಂಡಯ್ಯ ಒಂದು ಹೆಜ್ಜೆ ಇಟ್ಟ. ನಿಂತ. ಇನ್ನೊಂದು. ಕಾಲು ಜಾರಲಿಲ್ಲ. ಕತ್ತು ಪೂರ್ತಿ ಹೊರಗೆ ಹಾಕಿ ಸುತ್ತ ನೋಡಿದ. ಆಮೇಲೆ ಸೀದಾ ಬಿಸಿ ಮೂಲೆಗೆ.

ಹೊಂಬಾಳಮ್ಮ ತಂಪಿನಲ್ಲೇ ಇದ್ದಾಳೆ. ಇರಲಿ. ಅವಳಿಷ್ಟ.

ನವೆಂಬರ್ 21

ಇವರು ಫೋಟೋ ಕಳಿಸಿದ್ದರು. ಮಾಲಿನಿ ಕೇಳಿದಳಂತೆ, “ಇದನ್ನ ಯಾರ್ ಮಾಡಿದ್ದು?” ಇವರು ನನ್ನ ಹೆಸರು ಹೇಳಿದರಂತೆ. ಅವಳು, “ಲೈಟು ಸಾಲಲ್ಲ. ಬಿಸಿಲಿನ ಬದ್ಲು ಬೇರೆ ಟ್ಯೂಬ್ ಇರುತ್ತೆ, ಕಳಿಸ್ತೀನಿ,” ಅಂದಳಂತೆ.

ಚೆನ್ನಾಗಿಲ್ಲ ಅನ್ನಲಿಲ್ಲ.

ನವೆಂಬರ್ 27. ಗುರುವಾರ

ಮೂರು ದಿನದಿಂದ ಮೋಡ. ಹಾಸಿಗೆ ಜಾಸ್ತಿ ಒದ್ದೆಯಾಗಿ ಮುಗ್ಗಲು ವಾಸನೆ. ಒಂದು ಕಡೆ ಬಿಳಿ ಬೂಷ್ಟು. ಊರಿನಲ್ಲಾದರೆ ಹುಳದ ಹಾಸಿಗೆಗೆ ಸುಣ್ಣದ ಪುಡಿ ಉದುರಿಸುತ್ತೇವೆ. ತೇವ ಎಳೆಯುತ್ತದೆ, ರೋಗ ಬರುವುದಿಲ್ಲ. ಅಂಗಡಿಯಿಂದ ತರಿಸಿ, ತೆಳು ಬಟ್ಟೆಯಲ್ಲಿ ಕಟ್ಟಿ, ಮೇಲಿನಿಂದ ತಟ್ಟಿ ತಟ್ಟಿ ಉದುರಿಸಿದೆ. ಮಂಜು ಬಿದ್ದ ಹಾಗೆ ಬಿತ್ತು. ಅಪ್ಪ ನೋಡಿದ್ದರೆ ಮೆಚ್ಚುತ್ತಿದ್ದ.

ವಾಸನೆ ಹೋಯಿತು.

ನವೆಂಬರ್ 30

ಗುಂಡಯ್ಯ ನಿನ್ನೆಯಿಂದ ಗೂಡಿನಲ್ಲೇ. ಹಾಸಿಗೆ ಬಗೆದುಕೊಂಡು ಒಳಗೆ ಸೇರಿದ್ದಾನೆ. ಕಣ್ಣು ಮುಚ್ಚಿದೆ. ಸೊಪ್ಪು ಮೂಸಿಲ್ಲ. ಹೊಂಬಾಳಮ್ಮ ತಿನ್ನುತ್ತಿದ್ದಾಳೆ. ಅವಳು ಸೊಪ್ಪಿನ ತಟ್ಟೆಯ ಮೇಲೆಯೇ ಮಲಗುವವಳು.

ಅಪ್ಪನಿಗೆ ಫೋನ್ ಮಾಡಿದೆ.

“ಅಲ್ಲಾಡಲ್ವಾ? ತಿನ್ನಲ್ವಾ? ಕಣ್ಮುಚ್ಚಿದ್ದಾ? ಜ್ವರಕ್ಕೆ ಕೂತದೆ ಬುಡವ್ವ. ಪೊರೆ ಬಿಟ್ಟು ಎದ್ದ ಮ್ಯಾಲೆ ತಿಂತದೆ.”

ಹುಳ ಪೊರೆ ಬಿಡುವ ಮುಂಚೆ ಹೀಗೇ. ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಅದನ್ನೇ ನಾವು ಜ್ವರ ಅನ್ನುವುದು. ಆಗ ಮುಟ್ಟಬಾರದು, ಸೊಪ್ಪು ಹಾಕಬಾರದು, ಸುಣ್ಣ ಉದುರಿಸಿ ಸುಮ್ಮನಿರಬೇಕು.

ಸುಮ್ಮನಿದ್ದೇನೆ. ಇನ್ನೊಂದು ಸಲ ಉದುರಿಸಿದೆ.

ಡಿಸೆಂಬರ್ 6. ಶನಿವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ.

ನಿನ್ನೆ ಸಂಜೆ ಮಾಲಿನಿ ವಿಡಿಯೋ ಕಾಲ್ ಮಾಡಿದ್ದಳು. ಇವರು ಗುಂಡಯ್ಯನನ್ನು ಎತ್ತಿ ತೋರಿಸಿದರು.

“ಕಣ್ಣ್ಯಾಕೆ ಊದಿದೆ? ಹತ್ರ ತೋರ್ಸು. ಅಣ್ಣ... ಆ ಬಿಳೀದೇನು?”

ಇವರು ನನ್ನ ಕಡೆ ತಿರುಗಿದರು.

ಬೆಳಗ್ಗೆ ಕ್ಲಿನಿಕ್ಕು. ನಾಯಿ ಬೆಕ್ಕುಗಳ ನಡುವೆ ರಟ್ಟಿನ ಡಬ್ಬ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಡಾಕ್ಟರ್ ಶ್ರೀರಂಜನಿ, ವಯಸ್ಸು ನಮ್ಮ ಮಾಲಿನಿಗಿಂತ ಸ್ವಲ್ಪ ಜಾಸ್ತಿ ಇರಬಹುದು. ಗುಂಡಯ್ಯನ ಕಣ್ಣಿಗೆ ಲೈಟು ಬಿಟ್ಟು ನೋಡಿದರು.

“ಏನ್ ಹಾಕಿದ್ರಿ ಇದಕ್ಕೆ?”

ಇವರು ಬಾಯಿ ತೆರೆದರು. ಅಷ್ಟರಲ್ಲಿ ನಾನೇ ಅಂದೆ, “ಸುಣ್ಣ.”

“ಏನಮ್ಮ?”

“ಸುಣ್ಣದ ಪುಡಿ. ನಮ್ಮ ಕಡೆ ರೇಷ್ಮೆ ಹುಳಕ್ಕೆ ಹಾಕ್ತೀವಿ. ಹಾಸಿಗೆ ಒಣಗ್ಲಿ ಅಂತ. ಆಮೇಲೆ ಕಣ್ಮುಚ್ಚಿದಾಗ ಪೊರೆ ಬಿಡುತ್ತೆ ಅಂದ್ಕೊಂಡೆ.”

ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. “ಹುಳಕ್ಕೆ ಆಗೋದು ಇದಕ್ಕಾಗಲ್ಲಮ್ಮ. ಇದು ಹಾಸಿಗೆ ಬಗೆಯುತ್ತಲ್ಲ, ಸುಣ್ಣ ಕಣ್ಣೊಳಗೆ ಹೋಗಿ ಸುಟ್ಟಿದೆ.”

“ಕುರುಡಾಗುತ್ತಾ?”

ಕೇಳಿದ್ದು ನಾನು. ಎಷ್ಟು ಜೋರಾಗಿ ಕೇಳಿದೆನೋ, ಪಕ್ಕದ ನಾಯಿ ಬೊಗಳಿತು.

“ಈಗ್ಲೇ ಹೇಳಕ್ಕಾಗಲ್ಲ,” ಅಂದರು. ಬೆಂಗಳೂರಿನಲ್ಲಿ ಆಮೆ ನೋಡುವ ಡಾಕ್ಟರೊಬ್ಬರಿಗೆ ಫೋನ್ ಮಾಡಿ ಕೇಳಿದರು. ಕಣ್ಣು ತೊಳೆಯಲು ಸಲೈನು, ಮುಲಾಮು. ದಿನಾ ಉಗುರುಬೆಚ್ಚನೆ ನೀರಿನಲ್ಲಿ ಕೂರಿಸಬೇಕು. ಹಾಸಿಗೆ ಪೂರ್ತಿ ತೆಗೆದು ತಟ್ಟೆ ತೊಳೆಯಬೇಕು. ಹೊಂಬಾಳಮ್ಮನ ಕಣ್ಣಿಗೆ ಏನೂ ಆಗಿಲ್ಲವಂತೆ.

ಮನೆಗೆ ಬಂದು ಎಲ್ಲ ತೊಳೆದೆ. ಕೈ ಉರಿಯುವವರೆಗೂ. ನನ್ನ ಕೈಗೇ ಇಷ್ಟು ಉರಿದರೆ...

ಡಿಸೆಂಬರ್ 7

ಮಾಲಿನಿ ಇವರಿಗೆ ಹೇಳಿದ್ದು: “ಇನ್ನ್ ಬೇಡ ಅಣ್ಣ. ಅವರು ಬೇಕಂತ ಮಾಡಿಲ್ಲ, ಗೊತ್ತು. ಆದ್ರೂ ಬೇಡ. ಸಂಕ್ರಾಂತಿ ದಿನ ಗುರುಪ್ರಸಾದ್ ಬಂದು ಕರ್ಕೊಂಡ್ ಹೋಗ್ತಾನೆ. ಅಲ್ಲೀವರೆಗೆ ಡಾಕ್ಟ್ರು ಹೇಳಿದ್ದಷ್ಟೇ ಮಾಡಿ.”

ಸರಿಯಾಗಿಯೇ ಹೇಳಿದ್ದಾಳೆ.

ಡಿಸೆಂಬರ್ 10

ಅಪ್ಪ ಬಂದಿದ್ದ. ಬಾಗಿಲಲ್ಲಿ ಸೊಪ್ಪಿನ ಕಂತೆ ಇಳಿಸಿ, ನೀರು ಕೂಡ ಕುಡಿಯದೆ ರೂಮಿಗೆ ಹೋದ. ಪಂಚೆ ಮೇಲೆತ್ತಿಕೊಂಡು ಕುಕ್ಕುರುಗಾಲಲ್ಲಿ ಕೂತ.

“ಜ್ವರ ಅಂತ ನಾನೇ ಅಂದೆ. ನನ್ ಬಾಯಿಗೆ...”

“ನಾನೂ ಹಂಗೇ ಅಂದ್ಕೊಂಡಿದ್ದೆ ಅಪ್ಪ.”

“ಯಾವುದು, ಇದೇನಾ? ಹೆಸ್ರೇನು?”

ಮೆತ್ತಗೆ ಹೇಳಿದೆ.

“ಗುಂಡಯ್ಯನಾ? ನಮ್ಮಪ್ಪನ ಹೆಸ್ರು ಇಟ್ಟಿದೀಯಾ ಇದಕ್ಕೆ?” ಅಪ್ಪ ನನ್ನನ್ನು ನೋಡಿದ. ಆಮೇಲೆ ಆಮೆಯ ಬೋಳುತಲೆ ನೋಡಿದ, ಕತ್ತಿನ ಸುಕ್ಕು ನೋಡಿದ. “ಊಂ. ಅವ್ರೇ.”

ಒಂದೇ ಬೆರಳಲ್ಲಿ ಚಿಪ್ಪು ಮುಟ್ಟಿ, “ತಪ್ಪಾಯ್ತು ಕಣಪ್ಪ,” ಅಂದ. ಯಾರಿಗೆ ಅಂದನೋ.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಾರೆ. ರಾತ್ರಿ ಪೂಜೆಯ ಮನೆಯಿಂದ ದನಿ — “ನಮ್ ಗುಂಡಯ್ಯನ ಕಣ್ಣು ಕಾಪಾಡಪ್ಪ.”

ಡಿಸೆಂಬರ್ 15

ದಿನಾ ಒಂದೇ. ಬೆಚ್ಚನೆ ನೀರು, ಸಲೈನು, ಹತ್ತಿ, ಮುಲಾಮು. ಬಾಯಿಗೆ ಸೊಪ್ಪು ತಾಗಿಸಿದರೆ ತಿರುಗಿಸಿಕೊಳ್ಳುತ್ತಾನೆ. ಹಗುರಾಗಿದ್ದಾನೆ. ಎತ್ತಿದರೆ ಗೊತ್ತಾಗುತ್ತದೆ.

ಕುರುಡನಾದರೂ ಸೊಪ್ಪಿನ ವಾಸನೆ ಹಿಡಿದು ಬರಬಲ್ಲ ಅಂತ ಡಾಕ್ಟರು ಸಮಾಧಾನಕ್ಕೆ ಹೇಳಿದ್ದಾರೆ. ಅದನ್ನೇ ನೆನೆಯುತ್ತಾ ಇರುತ್ತೇನೆ.

ಹೊಸ ಹಾಸಿಗೆ ಹಾಕಿದೆ. ಬೂಷ್ಟು ಬರದ ಹಾಗೆ ದಿನಾ ಕೈಯಾಡಿಸುತ್ತೇನೆ, ಒದ್ದೆಯಾದ ಕಡೆ ತೆಗೆದು ಹೊಸದು ಹಾಕುತ್ತೇನೆ. ಅಷ್ಟೇ ಬೇಕಿತ್ತು. ಸುಣ್ಣ ಬೇಕಿರಲಿಲ್ಲ.

ಡಿಸೆಂಬರ್ 19. ಬೆಳಗ್ಗೆ

ಎಡಗಣ್ಣು ತೆರೆದ.

ನೀರಿನಲ್ಲಿ ಕೂರಿಸಿದ್ದೆ. ರೆಪ್ಪೆ ಅಂಟಿಕೊಂಡದ್ದು ಬಿಟ್ಟಿತು, ಒಳಗೆ ಕಪ್ಪಗೆ, ಒದ್ದೆಯಾಗಿ, ಹುರುಳಿ ಕಾಳಿನಷ್ಟು. ನನ್ನ ಬಳೆ ಅಲ್ಲಾಡಿದರೆ ಕಣ್ಣೂ ಅಲ್ಲಾಡಿತು. ಬಳೆ ಈಚೆ, ಕಣ್ಣು ಈಚೆ. ಅತ್ತೆಯನ್ನು ಕೂಗಿದೆ. ಇವರನ್ನು ಕೂಗಿದೆ. ನನ್ನ ದನಿ ಇಷ್ಟು ದೊಡ್ಡದಾ?

ಡಿಸೆಂಬರ್ 21

ಬಲಗಣ್ಣೂ. ಪೂರ್ತಿ ಅಲ್ಲ, ಅರ್ಧ. ಅತ್ತೆ ದೇವರಿಗಿಟ್ಟ ಕೆಂಪು ದಾಸವಾಳ ತಂದು ಮುಂದಿಟ್ಟರು. ಗುಂಡಯ್ಯ ಕತ್ತು ಚಾಚಿದ, ಗುರಿ ತಪ್ಪಿ ನೆಲ ಕಚ್ಚಿದ, ಮತ್ತೆ ಚಾಚಿದ. ಬಾಯೆಲ್ಲ ಕೆಂಪು.

“ವೀಳ್ಯ ಹಾಕ್ದಂಗೆ ಕಾಣ್ತಾನೆ ನೋಡೇ,” ಅಂದರು ಅತ್ತೆ.

ಜನವರಿ 2, 2026

ನಿನ್ನೆ ಕರೆಂಟ್ ಹೋಗಿ ಸಂಜೆವರೆಗೂ ಬರಲಿಲ್ಲ. ಬಲ್ಬಿಲ್ಲ. ಬಾಟಲಿಗಳಿಗೆ ಬಿಸಿನೀರು ತುಂಬಿ ಗೋಣಿ ಸುತ್ತಿ ಬಿಸಿ ಮೂಲೆಯಲ್ಲಿಟ್ಟೆ. ಮೇಲೆ ಕಂಬಳಿ. ಹುಳದ ಮನೆಯಲ್ಲಾದರೆ ಕೆಂಡ ಇಡುತ್ತಿದ್ದೆವು. ಈ ಸಲ ಮೊದಲು ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಹೊಗೆ ಬೇಡ, ಬಾಟಲಿ ಸರಿ ಅಂದರು. ನಾನೇ ಮಾಡಿದ್ದು ಫೋನು. ಇವರು ಅಂಗಡಿಯಲ್ಲಿದ್ದರು.

ಮಾಲಿನಿ ಕಳಿಸಿದ ಟ್ಯೂಬೂ ಬಂದಿದೆ. ಕಿಟಕಿ ಗಾಜಿನಿಂದ ಬರುವ ಬಿಸಿಲು ಚಿಪ್ಪಿಗೆ ಸಾಲದಂತೆ, ಅದಕ್ಕೆ ಇದು. ಇವರು ಕಟ್ಟಿದರು.

ಈಗ ಎಲ್ಲ ಸರಿಯಾಗಿದೆ. ಹೋಗುವ ಹೊತ್ತಿಗೆ.

ಜನವರಿ 14. ಬುಧವಾರ

ಮಾಲಿನಿ ಬಂದಳು. ಬ್ಯಾಗ್ ಇಳಿಸಿ ಸೀದಾ ರೂಮಿಗೆ. ಬಾಗಿಲು ಮುಂದೆ ಮಾಡಿಕೊಂಡಳು. ಕಾಫಿ ತೆಗೆದುಕೊಂಡು ಹೋದವಳು ಹೊರಗೇ ನಿಂತೆ. ಒಳಗೆ ಏನೋ ಹೇಳುತ್ತಿದ್ದಳು ಅವರಿಬ್ಬರಿಗೆ. ಪಿಜಿ ಊಟ, ಮ್ಯಾನೇಜರು, ಭಾಷೆ ತಿಳಿಯದ ಗಿರಾಕಿಗಳು... ಮಗು ಅತ್ತು ಹೇಳಿದ ಹಾಗೆ.

ಕಾಫಿ ಆರಿತು. ಹೊಸದು ಮಾಡಿದೆ.

ಹೊರಗೆ ಬಂದಾಗ ಕಣ್ಣು ಕೆಂಪು. “ರೈಲಲ್ಲಿ ನಿದ್ದೆ ಇಲ್ಲ,” ಅಂದಳು.

ನಾನು ಮಾತ್ರ ಹಾಗೆ ಮಾತಾಡುತ್ತೇನೆ ಅಂದುಕೊಂಡಿದ್ದೆ.

ಜನವರಿ 15. ಸಂಕ್ರಾಂತಿ

ಬೆಳಗ್ಗೆಯೇ ಇಬ್ಬರಿಗೂ ಸ್ನಾನ ಮಾಡಿಸಿದೆ. ದಾರಿಗೆ ಅಂತ ಸೊಪ್ಪು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಮುಲಾಮು. ಅರ್ಧ ಮಡಕೆ, ಅದಿಲ್ಲದೆ ಗುಂಡಯ್ಯ ಮಲಗುವುದಿಲ್ಲ. ಥರ್ಮಾಮೀಟರನ್ನೂ ಗೋಡೆಯಿಂದ ಬಿಚ್ಚಿದೆ.

ಹನ್ನೊಂದಕ್ಕೆ ಗುರುಪ್ರಸಾದ್ ಟೊಮೆಟೊ ಕ್ರೇಟ್ ಹಿಡಿದುಕೊಂಡು ಬಂದರು. ದೊಡ್ಡ ಆಳು, ದೊಡ್ಡ ನಗು. ಅತ್ತೆ ಎಳ್ಳುಬೆಲ್ಲ ಕೊಟ್ಟರು, ಮುಖ ಮಾತ್ರ ಗಂಟು.

“ಗುಂಡಯ್ಯನ್ನ ಟೊಮೆಟೊ ಡಬ್ಬದಲ್ಲಿ ಹೊರ್ತೀಯೇನಪ್ಪ?”

“ಗುಂಡಯ್ಯ ಯಾರಮ್ಮ?” ಅಂದಳು ಮಾಲಿನಿ.

“ಇನ್ಯಾರು, ಇವ್ನೇ. ಅವ್ಳು ಹೊಂಬಾಳಮ್ಮ. ಇವ್ಳಿಟ್ಟಿರೋದು.”

ನೆಲ ಬಿರಿಯಬಾರದಾ ಅನ್ನಿಸಿತು. ಗುರುಪ್ರಸಾದ್ ಗೋಡೆ ಹಿಡಿದುಕೊಂಡು ನಕ್ಕರು. ಮಾಲಿನಿ ನಗಲಿಲ್ಲ. ನನ್ನನ್ನೇ ನೋಡಿದಳು.

ಕ್ರೇಟಿಗೆ ಹಾಸಿಗೆ ತುಂಬಿ ಗುಂಡಯ್ಯನನ್ನು ಇಳಿಸುತ್ತಾ ನಾನು ಗುರುಪ್ರಸಾದ್ ಅವರಿಗೆ ಹೇಳಲು ಶುರುಮಾಡಿದೆ. ತಲೆ ಎತ್ತಲಿಲ್ಲ, ಎತ್ತಿದರೆ ನಿಲ್ಲುತ್ತಿತ್ತು. “ಹೊಂಬಾಳಮ್ಮ ತಾನಾಗಿ ಬಿಸಿಗೆ ಬರಲ್ಲ, ಬೆಳಗ್ಗೆ ಒಂದ್ ಸಲ ಎತ್ತಿ ಇಡ್ಬೇಕು. ಬಲಗಣ್ಣಿಗೆ ಇನ್ನೂ ಮುಲಾಮು ಇದೆ, ಆ ಕಡೆಯಿಂದ ಕೈ ತಂದ್ರೆ ಹೆದರ್ತಾನೆ, ಎಡಗಡೆಯಿಂದ ಬನ್ನಿ. ರಾತ್ರಿ ಎಲ್ಲಿಡ್ತೀರಾ?”

“ಹಿತ್ತಲಲ್ಲೇ. ದನದ ಕೊಟ್ಟಿಗೆ ಪಕ್ಕ ಒಂದು ಗೂಡಿದೆ.”

“ಹೆಗ್ಗಣ?”

“ಅವೆಲ್ಲಿರಲ್ಲ ಹೇಳಿ.”

“ಕರೆಂಟ್ ಹೋದ್ರೆ ಬಿಸಿನೀರಿನ ಬಾಟಲಿ ಇಡ್ಬೇಕು. ಆರಿದಂಗೆ ಬದಲಾಯಿಸ್ಬೇಕು.”

ಗುರುಪ್ರಸಾದ್ ನಗು ನಿಲ್ಲಿಸಿದರು. ಬಲ್ಬು ನೋಡಿದರು, ಟ್ಯೂಬು ನೋಡಿದರು, ನನ್ನ ಕೈಯಲ್ಲಿದ್ದ ಥರ್ಮಾಮೀಟರು ನೋಡಿದರು. “ಮಾಲಿನಿ, ಇದೆಲ್ಲ ನಮ್ಮನೇಲಿ ಆಗಲ್ಲ ಕಣೇ. ಹಿತ್ತಲು ಇದೆ, ಒಪ್ತೀನಿ. ಬೇಸಿಗೇಲಿ ಕರ್ಕೊಂಡ್ ಬನ್ನಿ, ದಿನವೆಲ್ಲ ಹುಲ್ಲಲ್ಲಿ ಓಡಾಡ್ಲಿ. ಚಳೀಲಿ ಇಷ್ಟು ನೋಡ್ಕೊಳೋರು ಯಾರಿದಾರೆ ಅಲ್ಲಿ?”

ಮಾಲಿನಿ ನೆಲದ ಮೇಲೆ ಕೂತಳು. ಗುಂಡಯ್ಯ ಕ್ರೇಟಿನ ತೂತಿನಿಂದ ಮೂಗು ಹೊರಗೆ ಹಾಕಿದ್ದ.

“ಸುಣ್ಣ ಹಾಕಿದ್ದು ನಾನೇ,” ಅಂದೆ. “ಇನ್ನು ಗೊತ್ತಿಲ್ಲದ್ದು ಕೇಳಿಯೇ ಮಾಡ್ತೀನಿ. ಆದ್ರೂ ನಿಮಗೆ ಕೊಡಬೇಕು ಅನ್ನಿಸಿದ್ರೆ ಕೊಡಿ.”

ಅವಳು ಕ್ರೇಟಿಗೆ ಕೈ ಹಾಕಿದಳು. ಎಡಗಡೆಯಿಂದ. ಗುಂಡಯ್ಯನನ್ನು ಎತ್ತಿ ಬಿಸಿ ಮೂಲೆಯಲ್ಲಿ ಬಿಟ್ಟಳು.

“ಬೇಸಿಗೇವರೆಗೂ ನೋಡಾಣ,” ಅಂದಳು. ಆಮೇಲೆ ಥರ್ಮಾಮೀಟರಿಗೆ ಕೈ ಚಾಚಿ, “ಇದನ್ನ ಹೆಂಗೆ ನೋಡೋದು? ಎರಡ್ಯಾಕಿದೆ?”

ಹೇಳಿಕೊಟ್ಟೆ. ಒಣದು ಒಂದು, ಒದ್ದೆಯದು ಒಂದು. ಅವಳು ಎರಡೆರಡು ಸಲ ಕೇಳಿದಳು.

ಗುರುಪ್ರಸಾದ್ ಕ್ರೇಟಿನ ತುಂಬ ಕಬ್ಬು, ಅವರೆಕಾಯಿ, ಎಳ್ಳುಬೆಲ್ಲ ತುಂಬಿಕೊಂಡು ಗುಬ್ಬಿಗೆ ಹೋದರು. ಅತ್ತೆಯೇ ತುಂಬಿದ್ದು. ಮುಖದ ಗಂಟು ಬಿಚ್ಚಿತ್ತು.

ಜನವರಿ 18. ಭಾನುವಾರ

ಮಾಲಿನಿ ಹೋಗಿ ಎರಡು ದಿನ. ಹೊರಡುವಾಗ ನನ್ನ ನಂಬರ್ ಕೇಳಿ ಹಾಕಿಕೊಂಡಳು. ಸುಮ್ಮನೆ ಇರಲಿ ಅಂತ ಇರಬಹುದು.

ನಿನ್ನೆ ಮಧ್ಯಾಹ್ನ ರಿಂಗಾಯಿತು. ಮಾಲಿನಿಯ ಹೆಸರು ನೋಡಿ ಕೈ ಸೆರಗಿಗೆ ಒರೆಸಿಕೊಂಡೆ. ಎತ್ತುವಷ್ಟರಲ್ಲಿ ನಿಂತುಹೋಯಿತು. ತಿರುಗಿ ಮಾಡಲು ಧೈರ್ಯವಾಗಲಿಲ್ಲ. ಸ್ವಲ್ಪ ಹೊತ್ತಿಗೆ ಮೆಸೇಜು, ಕನ್ನಡದಲ್ಲೇ — ಗುಂಡಯ್ಯ ಇವತ್ತು ಏನು ತಿಂದ ಅತ್ತಿಗೆ?

ದಾಸವಾಳದ ಫೋಟೋ ಕಳಿಸಿದೆ.

ಜನವರಿ 19. ಬೆಳಗ್ಗೆ

ಬಲಗಣ್ಣು ಪೂರ್ತಿ ತೆರೆದಿದ್ದಾನೆ. ಆ ಕಡೆಯಿಂದ ಕೈ ತಂದರೂ ಹೆದರಲಿಲ್ಲ. ಹೊಂಬಾಳಮ್ಮ ಇವತ್ತು ತಾನೇ ಎದ್ದು, ಯಾರೂ ಎತ್ತದೆ, ನೀರಿನ ತಟ್ಟೆ ದಾಟಿಕೊಂಡು ಬಲ್ಬಿನ ಕಡೆ ಬರುತ್ತಿದ್ದಾಳೆ. ಇನ್ನೂ ದಾರಿಯಲ್ಲೇ ಇದ್ದಾಳೆ. ಒಂದು ಹೆಜ್ಜೆ, ಒಂದು ನಿಲ್ಲುವುದು.

ಫೋನು ಹೊಡೆದುಕೊಳ್ಳುತ್ತಿದೆ. ನನ್ನದೇ. ಈ ಹೊತ್ತಿಗೆ ಹೊಂಬಾಳಮ್ಮನನ್ನು ಕೇಳುವವಳು ಒಬ್ಬಳೇ, ಮಾಲಿನಿ. ಎತ್ತಿ ಮಾತಾಡಿ ಆಮೇಲೆ ಬರೆ...